ಎರಡನೆಯ ಗುಂಡು

ಪೊಲೀಸ್ ಶಸ್ತ್ರಾಗಾರದಲ್ಲಿ ಬಂದೂಕು ಪಿಸ್ತೂಲುಗಳನ್ನು ಬಿಚ್ಚಿ, ಒರೆಸಿ, ಎಣ್ಣೆ ಹಾಕಿ, ಮತ್ತೆ ಜೋಡಿಸಿ, ಎಣಿಸಿ ಬೀಗ ಹಾಕುವವನಿಗೆ ಇಲಾಖೆಯ ಕಾಗದಗಳಲ್ಲಿ ಉದ್ದನೆಯ ಹೆಸರೊಂದಿದೆ. ಅದನ್ನು ಯಾರೂ ಬಳಸುವುದಿಲ್ಲ. ಎಲ್ಲರಿಗೂ ಅವನು ಮೇಸ್ತ್ರಿ. ಇಪ್ಪತ್ತೇಳು ವರ್ಷದಿಂದ ಅದೇ ಕಬ್ಬಿಣದ ಬಾಗಿಲು, ಅದೇ ಕಂಬಿ ಕಿಟಕಿಯ ಕೌಂಟರು, ಅದೇ ಮೇಜು, ಮೇಜಿನ ಮೇಲೆ ಅದೇ ಹಸಿರು ಬಟ್ಟೆ. ಅದು ಹಸಿರು ಎಂಬುದನ್ನು ಈಗ ಹೊಸಬರಿಗೆ ಹೇಳಿಕೊಡಬೇಕಾಗುತ್ತದೆ.

ಮೇಸ್ತ್ರಿಗೆ ಒಂದು ಅಭ್ಯಾಸ. ಪಿಸ್ತೂಲು ಕೈಗೆ ಬಂದ ಕೂಡಲೇ ಅದರ ಮ್ಯಾಗಜೀನು, ಅಂದರೆ ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ, ಹೊರಗೆ ಬರಬೇಕು. ಆಮೇಲೆ ನಳಿಗೆಯ ಬುಡದಲ್ಲಿ ಏನಿದೆ ಎಂದು ಇಣುಕಬೇಕು. ಆಮೇಲೆ ಡಬ್ಬಿಯನ್ನು ಒಳಕ್ಕೆ ತಳ್ಳಿ ಅಂಗೈಯಿಂದ ಬುಡಕ್ಕೊಂದು ಏಟು. ಟಕ್ ಎಂದರೆ ಕೂತಿತು ಎಂದು ಅರ್ಥ. ಹತ್ತು ನಿಮಿಷದ ಹಿಂದೆ ತಾನೇ ನೋಡಿಟ್ಟ ಪಿಸ್ತೂಲಿಗೂ ಇದು ತಪ್ಪುವುದಿಲ್ಲ. ಇಲಾಖೆಯಲ್ಲಿ ಆಯುಧ ಹಿಡಿಯಲು ಕಲಿತವರೆಲ್ಲ ಇದನ್ನು ಕಲಿತದ್ದು ಅವನಿಂದಲೇ. ಕಲಿತವರಲ್ಲಿ ಅರ್ಧ ಜನ ಮರೆತಿದ್ದರು. ಮೇಸ್ತ್ರಿ ಅವರ ಪಾಲಿನದನ್ನೂ ತಾನೇ ಮಾಡುತ್ತಿದ್ದ.

ಮನೆಯಲ್ಲೂ ಅಷ್ಟೇ. ಬೀಗ ಎಳೆದು ನೋಡುವುದು ಮೂರು ಸಲ, ಗ್ಯಾಸಿನ ಕಿವಿ ತಿರುವಿ ನೋಡುವುದು ಎರಡು ಸಲ. ಅವನ ಹೆಂಡತಿ ನೆಂಟರ ಮುಂದೆ ಹೇಳುವ ಮಾತೊಂದಿತ್ತು. "ಮದುವೆಗೆ ಮುಂಚೆ ನನ್ನನ್ನ ಮಾತ್ರ ಒಂದೇ ಸಲ ನೋಡಿ ಒಪ್ಪಿಕೊಂಡ್ರು. ಆ ತಪ್ಪು ಇನ್ನೊಂದು ಸಲ ಆಗಬಾರದು ಅಂತ ಈಗ ಮಿಕ್ಕಿದ್ದನ್ನೆಲ್ಲ ಮೂರು ಮೂರು ಸಲ ನೋಡ್ತಾರೆ."

ಗಸ್ತಿನ ಕಾರುಗಳಲ್ಲಿ ಕೂರುವ ಪೊಲೀಸರ ಸೊಂಟದಲ್ಲಿದ್ದ ರಿವಾಲ್ವರುಗಳಿಗೆ ವಯಸ್ಸಾಗಿತ್ತು. ಗುಂಡು ಕೂರುವ ಸಿಲಿಂಡರು ಸಡಿಲವಾದ ಬಾಗಿಲಿನ ಹಾಗೆ ಅಲ್ಲಾಡುತ್ತಿತ್ತು. ಬಿಡಿಭಾಗ ಸಿಗುವುದು ನಿಂತು ವರ್ಷಗಳಾಗಿದ್ದವು. ಮೇಸ್ತ್ರಿ ತಗಡಿನ ಚೂರು ಕತ್ತರಿಸಿ ಸಂದಿಗೆ ಕೊಟ್ಟು ಕಾಲ ತಳ್ಳುತ್ತಿದ್ದ. ಅಂಥ ನಲವತ್ತು ರಿವಾಲ್ವರುಗಳಲ್ಲಿ ಒಂದು ಅವನ ಸೊಸೆಯ ಸೊಂಟದಲ್ಲಿತ್ತು. ಅವಳು ಗಸ್ತಿನ ಕಾರಿನಲ್ಲಿ ಕಾನ್‌ಸ್ಟೇಬಲ್. ಗಂಡ, ಅಂದರೆ ಮೇಸ್ತ್ರಿಯ ಮಗ, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದ. ಮನೆಯಲ್ಲಿ ಬಂದೂಕಿನ ಮಾತು ಬಂದರೆ ಅವನು ಎದ್ದು ಹೋಗಿ ಟಿವಿ ಜೋರು ಮಾಡುತ್ತಿದ್ದ.

ಹೀಗಿರುವಾಗ ಹೊಸ ಪಿಸ್ತೂಲು ಬಂತು. ಜೊತೆಗೆ ಏಜೆಂಟನೂ ಬಂದ.

ಏಜೆಂಟ್ ತುಂಬಿದ ಮೈಯ, ನಗುಮುಖದ ಮನುಷ್ಯ. ಸರಕು ಮಾರಲು ಬಂದವನಂತಲ್ಲ, ಸಂಬಂಧ ಕುದುರಿಸಲು ಬಂದವನಂತೆ ಕೂತ. ಪಿಸ್ತೂಲನ್ನು ಮೇಜಿನ ಮೇಲಿಟ್ಟು ಎರಡು ಗುಣಗಳನ್ನು ಮೂರು ಮೂರು ಸಲ ಹೇಳಿದ. ಮೊದಲನೆಯದು, ಮ್ಯಾಗಜೀನು ಬಿಡಿಸುವ ಬಟನ್ನು ಎತ್ತರವಾಗಿದೆ, ಕೈಗವಸು ಹಾಕಿದವರ ಹೆಬ್ಬೆರಳಿಗೂ ಸಲೀಸಾಗಿ ಸಿಗುತ್ತದೆ. ಎರಡನೆಯದು, ಮ್ಯಾಗಜೀನು ಹಿಡಿಯೊಳಗೆ ಬಿಗಿಯಾಗಿ ಕೂರುತ್ತದೆ, ಲೊಡಲೊಡ ಎನ್ನುವುದಿಲ್ಲ. ಮಾರುವವನು ಒಂದು ಗುಣವನ್ನು ಮೂರು ಸಲ ಹೇಳಿದರೆ ಕೊಳ್ಳುವವನು ಆ ಜಾಗವನ್ನು ಬೆರಳಿಂದ ಒತ್ತಿ ನೋಡಬೇಕು. ಮೇಸ್ತ್ರಿ ಒತ್ತಿ ನೋಡಿದ. ಮ್ಯಾಗಜೀನು ಸಲೀಸಾಗಿ ಬಿಟ್ಟುಕೊಂಡಿತು, ಬಿಗಿಯಾಗಿ ಕೂತಿತು. ಹೇಳಿದ್ದೆಲ್ಲ ನಿಜವಾಗಿತ್ತು.

ದೊಡ್ಡ ಸಾಹೇಬರು ಪರೀಕ್ಷೆ ಏರ್ಪಡಿಸಿದರು. ಗುರಿಯ ಸ್ಪರ್ಧೆಗಳಲ್ಲಿ ಪದಕ ಗೆದ್ದ ಒಬ್ಬ ಪೊಲೀಸನಿದ್ದ, ತೆಂಗಿನ ಗರಿಯ ಕಡ್ಡಿಯಂಥವನು. ಅವನು ಮೂರು ದಿನದಲ್ಲಿ ಆರುನೂರು ಗುಂಡು ಹಾರಿಸಿದ. ಒಂದೂ ಸಿಕ್ಕಿಕೊಳ್ಳಲಿಲ್ಲ. ಉಳಿದದ್ದು ಧರಿಸಿ ನೋಡುವ ಪರೀಕ್ಷೆ. ಸಾಹೇಬರು ಮೇಸ್ತ್ರಿಯನ್ನು ಕರೆಸಿದರು.

"ಮೂವತ್ತು ದಿನ ಇದು ನಿಮ್ಮ ಸೊಂಟದಲ್ಲಿರಬೇಕು. ಡ್ಯೂಟಿಯಲ್ಲೂ ಸರಿ, ಡ್ಯೂಟಿ ಮುಗಿದ ಮೇಲೂ ಸರಿ. ಬಸ್ಸು, ಅಂಗಡಿ, ಮನೆ, ಎಲ್ಲ ಕಡೆ. ದಿನಾ ಡೈರಿ ಬರೀರಿ."

"ನಾನೇ ಯಾಕೆ ಸರ್?"

"ಬೇರೆಯವರಿಗೆ ಕೊಟ್ಟರೆ ಅವರು ಅದನ್ನ ಕಳೆದು ಹಾಕಿದಾರೋ ಇಲ್ವೋ ಅಂತ ನಾನು ದಿನಾ ನೋಡಬೇಕು. ನೀವಾದ್ರೆ ನೀವೇ ನೋಡ್ಕೋತೀರಿ." ಸಾಹೇಬರು ಕಾಗದ ಮುಂದೆ ತಳ್ಳಿದರು. "ನಿಮ್ಮ ಸಹಿ ಬಿದ್ದರೆ ಮೊದಲ ನಲವತ್ತು ಗಸ್ತಿನ ಕಾರಿಗೆ. ಬೀಳದಿದ್ದರೆ ಇನ್ನು ಮೂರು ವರ್ಷ ಹೊಸ ಪಿಸ್ತೂಲಿನ ಮಾತೇ ಇಲ್ಲ. ಯೋಚನೆ ಮಾಡಿ ಸಹಿ ಹಾಕಿ."

ಮೇಸ್ತ್ರಿಗೆ ಯೋಚಿಸುವುದು ಏನೂ ಇರಲಿಲ್ಲ. ಸೊಸೆಯ ರಿವಾಲ್ವರಿಗೆ ತಾನು ಕೊಟ್ಟ ತಗಡಿನ ಚೂರು ಎಷ್ಟು ತೆಳುವೆಂದು ಅವನಿಗೆ ಗೊತ್ತಿತ್ತು. ಈ ಪಿಸ್ತೂಲು ಪಾಸಾಗಲಿ ಎಂದು ಅವನಷ್ಟು ಏಜೆಂಟನೂ ಬಯಸಿರಲಿಲ್ಲ.

ಡೈರಿ ಶುರುವಾಯಿತು. ಮೇಸ್ತ್ರಿ ನಿಜ ಬಿಟ್ಟು ಬೇರೆ ಬರೆಯುವವನಲ್ಲ. ಮೂರನೆಯ ದಿನ: "ಬಸ್ಸಿನಲ್ಲಿ ನಿಂತು ಪ್ರಯಾಣ. ಪಿಸ್ತೂಲು ಸರಿಯಾಗಿದೆ. ಪಕ್ಕದವರು ಎರಡು ಸಲ ಟಿಫನ್ ಡಬ್ಬಿಯನ್ನು ಆಚೆ ಸರಿಸಿಕೊಳ್ಳಿ ಎಂದರು." ಏಳನೆಯ ದಿನ: "ಕ್ಷೌರದಂಗಡಿ. ಪಿಸ್ತೂಲು ಸರಿಯಾಗಿದೆ. ಕ್ಷೌರದವನು ಬಟ್ಟೆ ಹೊದಿಸುವಾಗ ಅದನ್ನು ನೋಡಿದ. ಕಿವಿಯ ಹಿಂದೆ ಗಾಯ, ಸಣ್ಣದು." ಹನ್ನೆರಡನೆಯ ದಿನ: "ಊಟದ ಮೇಜು. ಪಿಸ್ತೂಲು ಸರಿಯಾಗಿದೆ. ಹೆಂಡತಿ ಸರಿಯಿಲ್ಲ." ಸಾಹೇಬರು ಈ ಕೊನೆಯ ವಾಕ್ಯದ ಸುತ್ತ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ "ವಿವರ ಬೇಕಿಲ್ಲ" ಎಂದು ಬರೆದರು.

ಹೆಂಡತಿ ಸರಿಯಿಲ್ಲದ್ದಕ್ಕೆ ಕಾರಣವಿತ್ತು.

"ರೀ, ಊಟಕ್ಕೆ ಕೂತಾಗಲೂ ಅದು ಬೇಕಾ? ನಾನೇನು ನಿಮ್ಮ ತಟ್ಟೆಗೆ ಕೈ ಹಾಕ್ತೀನಾ?"

"ಪರೀಕ್ಷೆ ಕಣೇ. ಸರ್ಕಾರಿ ಪರೀಕ್ಷೆ."

"ಪರೀಕ್ಷೆ ಪಿಸ್ತೂಲಿಗೋ ನನಗೋ? ಮೊನ್ನೆ ಹಾಲು ಹಾಕೋಕೆ ಬಂದವಳು ನಿಮ್ಮನ್ನ ನೋಡಿ ಎರಡು ದಿನದಿಂದ ಬಾಗಿಲಲ್ಲೇ ಪಾತ್ರೆ ಇಟ್ಟು ಓಡ್ತಿದಾಳೆ. ಹಾಲಿಗೆ ನೀರು ಮಾತ್ರ ಹಾಕ್ತಿಲ್ಲ."

"ಅದನ್ನೂ ಡೈರಿಯಲ್ಲಿ ಬರೀಲಾ?"

"ಬರೀರಿ. ಇಷ್ಟು ದಿನದಲ್ಲಿ ಅದರಿಂದ ಆದ ಉಪಕಾರ ಅದೊಂದೇ."

ಮೂವತ್ತನೆಯ ದಿನ ಸಂಜೆ ಸೊಸೆ ಡ್ಯೂಟಿ ಮುಗಿಸಿ ಬಂದು, ಬೂಟು ಬಿಚ್ಚಿ, ಟೀ ಲೋಟ ಹಿಡಿದು ಕೂತಳು. ಮೇಸ್ತ್ರಿ ಡೈರಿಯ ಕೊನೆಯ ಪುಟಕ್ಕೆ ಸಹಿ ಹಾಕಲು ಪೆನ್ನು ಬಿಚ್ಚಿದ್ದ. ಅವಳು ಡೈರಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ಓದತೊಡಗಿದಳು. ಓದುತ್ತ ಮೊದಲು ನಕ್ಕಳು, ಆಮೇಲೆ ನಗುವುದು ನಿಲ್ಲಿಸಿದಳು.

"ಮಾವ, 'ತೆಗೆದು ಪರಿಶೀಲಿಸಿದೆ' ಅಂತ ಎಷ್ಟು ಕಡೆ ಬರ್ದಿದೀರಿ?"

"ಎಷ್ಟು ಸಲ ಪರಿಶೀಲಿಸಿದೆನೋ ಅಷ್ಟು ಕಡೆ."

"ಈ ಮಂಗಳವಾರ ಹನ್ನೊಂದು ಸಲ ಇದೆ."

"ಮಂಗಳವಾರ ಸ್ವಲ್ಪ ಬಿಡುವಿತ್ತು."

"ಪರಿಶೀಲಿಸೋದು ಅಂದ್ರೆ? ಮ್ಯಾಗಜೀನು ತೆಗೆದು, ನೋಡಿ, ವಾಪಸ್ ಹಾಕಿ, ಏಟು ಕೊಟ್ಟು?"

"ಇನ್ನೇನು, ಅದಕ್ಕೆ ಹಾಡು ಹೇಳ್ತಾರಾ?"

ಸೊಸೆ ಲೋಟ ಕೆಳಗಿಟ್ಟಳು. "ನಾವು ಒಂದೇ ಸಲ ಮಾವ. ಬೆಳಗ್ಗೆ ನಿಮ್ಮ ಕೌಂಟರಲ್ಲಿ. ಆಮೇಲೆ ಕಾರಲ್ಲಿ ಕೂತ್ರೆ ಆಯ್ತು, ಎಂಟು ಗಂಟೆ ಯಾರೂ ಅದನ್ನ ಮುಟ್ಟಲ್ಲ. ರಸ್ತೆಬದಿಯಲ್ಲಿ ಗಾಡಿ ನಿಲ್ಲಿಸಿ ಪಿಸ್ತೂಲು ಹೊರಗೆ ತೆಗೆದು ನೋಡ್ತಾ ಕೂತ್ರೆ ಜನ ಪೊಲೀಸ್‌ಗೆ ಫೋನ್ ಮಾಡ್ತಾರೆ."

"ನೀವೇ ಪೊಲೀಸು."

"ನಮಗೇ ಮಾಡ್ತಾರೆ."

ಅಡುಗೆಮನೆಯಲ್ಲಿ ಅತ್ತೆ ನಕ್ಕದ್ದು ಕೇಳಿಸಿತು. ಮೇಸ್ತ್ರಿ ನಗಲಿಲ್ಲ. ಸೊಸೆ ಹೇಳಿದಳು, "ಹೊಸ ಚಪ್ಪಲಿ ಹಾಕ್ಕೊಂಡು ಮನೆಯೊಳಗೇ ಓಡಾಡಿ, ಎಲ್ಲೂ ಕಚ್ಚಲಿಲ್ಲ ಅಂತ ಬರ್ದ ಹಾಗಾಯ್ತು, ಬೇಜಾರು ಮಾಡ್ಕೋಬೇಡಿ."

ಮೇಸ್ತ್ರಿಗೆ ಬೇಜಾರಾಯಿತು. ಇಪ್ಪತ್ತೇಳು ವರ್ಷದ ಜಾಗ್ರತೆಯನ್ನು ಮೂರು ವರ್ಷದ ನೌಕರಿಯವಳು ಚಪ್ಪಲಿಗೆ ಹೋಲಿಸಿದಳು ಎಂದು ಬೇಜಾರಾಯಿತು. ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ಆಗಲಿಲ್ಲವೆಂದು ಇನ್ನಷ್ಟು ಬೇಜಾರಾಯಿತು. ಅವನು ಪೆನ್ನಿಗೆ ಮುಚ್ಚಳ ಹಾಕಿದ.

ಮರುದಿನ ಅವನಿಗೆ ವಾರದ ರಜೆ. ಶಸ್ತ್ರಾಗಾರದ ಅಂಗಳದಲ್ಲಿ ಎಂಜಿನ್ ಕಳಚಿಟ್ಟ ಹಳೆಯ ಗಸ್ತಿನ ಕಾರೊಂದು ನಿಂತಿತ್ತು. ಬೆಳಗ್ಗೆ ಎಂಟಕ್ಕೆ ಮೇಸ್ತ್ರಿ ಪಿಸ್ತೂಲನ್ನು ಒಮ್ಮೆ ಪರಿಶೀಲಿಸಿ, ಗುಂಡು ತುಂಬಿ, ಒಂದನ್ನು ನಳಿಗೆಗೆ ಏರಿಸಿ, ಬಲ ಸೊಂಟದ ಚೀಲಕ್ಕೆ ಸೇರಿಸಿದ. ಮೇಲೆ ಚೀಲದ ಪಟ್ಟಿ ಹಾಕಿದ. ಬಂದು ಆ ಕಾರಿನ ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಎಳೆದುಕೊಂಡ. ಬೆಲ್ಟು ಬೇಕಿರಲಿಲ್ಲ. ಆದರೆ ಸೊಸೆ ಹಾಕುತ್ತಾಳೆ.

ಗೇಟಿನ ಕಾವಲುಗಾರ ಸ್ವಲ್ಪ ಹೊತ್ತು ದೂರದಿಂದ ನೋಡಿದ. ಆಮೇಲೆ ಹತ್ತಿರ ಬಂದ.

"ಮೇಸ್ತ್ರಿ, ಸವಾರಿ ಎಲ್ಲಿಗೆ?"

"ಸಂಜೆಗೆ."

"ಎಂಜಿನ್ ಇಲ್ಲ ಗಾಡಿಗೆ."

"ಗೊತ್ತು. ಇದ್ದಿದ್ರೆ ಹಿಂದಿನ ಸೀಟಲ್ಲಿ ನಿನ್ನನ್ನೂ ಕೂರಿಸ್ಕೋತಿದ್ದೆ."

ಸೊಸೆ ಬರೆದುಕೊಟ್ಟಿದ್ದ ಚೀಟಿಯ ಪ್ರಕಾರ ಗಂಟೆಗೊಮ್ಮೆ ಇಳಿದು, ಅಂಗಳ ಒಂದು ಸುತ್ತು ಹಾಕಿ, ಮತ್ತೆ ಕೂರಬೇಕು. ಅದೇನೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಬಲಗೈ. ಒಂಬತ್ತೂವರೆಗೆ ಅದು ತನ್ನಷ್ಟಕ್ಕೆ ಸೊಂಟದ ಕಡೆ ಹೋಯಿತು. ಮೇಸ್ತ್ರಿ ಎಡಗೈಯಿಂದ ಹಿಡಿದು ತಂದ. ಹತ್ತು ಗಂಟೆಗೆ ಮತ್ತೆ ಹೋಯಿತು. ಆಮೇಲೆ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಕೂತ. ಬೀಡಿ ಬಿಟ್ಟವರನ್ನು ಅವನು ನೋಡಿದ್ದ. ಅವರು ಕಡಲೆಬೀಜವನ್ನಾದರೂ ತಿನ್ನಬಹುದು. ಹನ್ನೆರಡಕ್ಕೆ ಹೆಂಡತಿ ಕಳಿಸಿದ ಬುತ್ತಿ ಬಂತು. ತಿಂದ ಮೇಲೆ ಹೊಟ್ಟೆ ಒಂದು ಬೆರಳು ಮುಂದೆ ಬಂದು ಸೊಂಟದ ಪಟ್ಟಿಯ ಮೇಲೆ ಆರಾಮಾಗಿ ಕೂತಿತು. ಹೊಟ್ಟೆ ಅಲ್ಲಿ ದಿನಾ ಕೂರುವಂಥದ್ದೇ. ಮೇಸ್ತ್ರಿ ಅದನ್ನು ಗಮನಿಸಲಿಲ್ಲ.

ನಾಲ್ಕು ಗಂಟೆಗೆ ಸೊಸೆ ಡ್ಯೂಟಿ ಮುಗಿಸಿ ಅಲ್ಲಿಗೇ ಬಂದಳು. ಅಂಗಳದ ಹಿಂದೆಯೇ ಗುಂಡು ಹಾರಿಸುವ ಅಭ್ಯಾಸದ ಮೈದಾನ, ಕೊನೆಯಲ್ಲಿ ಮಣ್ಣಿನ ದಿಬ್ಬ. ಇಬ್ಬರೂ ಕಿವಿಗೆ ಮುಚ್ಚಳ ಹಾಕಿಕೊಂಡರು. ಮೇಸ್ತ್ರಿ ದಿಬ್ಬದ ಎದುರು ನಿಂತು, ಮಧ್ಯೆ ಎಲ್ಲೂ ನಿಲ್ಲಿಸದೆ ಪಿಸ್ತೂಲು ಎಳೆದು ಗುರಿಯ ಹಲಗೆಗೆ ಗುಂಡು ಹೊಡೆದ. ಗುಂಡು ಹೋಯಿತು. ಇನ್ನೊಮ್ಮೆ ಟ್ರಿಗರ್ ಒತ್ತಿದ.

ಏನೂ ಆಗಲಿಲ್ಲ. ಒಣ ಸದ್ದೊಂದು ಬಂತು, ಪೆಟ್ಟಿಗೆಗೆ ಬೀಗ ಹಾಕಿದಂಥದ್ದು.

ಮೇಸ್ತ್ರಿ ಪಿಸ್ತೂಲಿನ ಮೂತಿಯನ್ನು ದಿಬ್ಬದ ಕಡೆಗೇ ಇಟ್ಟು ಹಾಗೇ ನಿಂತ. ಮೊದಲ ಸಲ ಅವನ ಅಂಗೈ ಡಬ್ಬಿಯ ಬುಡಕ್ಕೆ ಏಟು ಕೊಡಲು ಹೋಗಲಿಲ್ಲ. ಬಗ್ಗಿ ನೋಡಿದ. ಮ್ಯಾಗಜೀನು ಹಿಡಿಯಿಂದ ಉಗುರಿನಷ್ಟು ಕೆಳಗೆ ಇಳಿದಿತ್ತು. ಬಿಗಿಯಾದ್ದರಿಂದ ಪೂರ್ತಿ ಬಿದ್ದಿರಲಿಲ್ಲ. ಬಿದ್ದಿದ್ದರೆ ಸದ್ದಾದರೂ ಆಗುತ್ತಿತ್ತು. ನಳಿಗೆಯಲ್ಲಿ ಮೊದಲೇ ಇದ್ದ ಗುಂಡು ಹಾರಿತು. ಎರಡನೆಯದನ್ನು ಮೇಲಕ್ಕೆ ತಳ್ಳಲು ಡಬ್ಬಿ ತನ್ನ ಜಾಗದಲ್ಲಿರಲಿಲ್ಲ.

ಅವನು ಷರಟು ಎತ್ತಿ ಸೊಂಟ ನೋಡಿಕೊಂಡ. ಪಿಸ್ತೂಲಿನ ಎಡಮೈ ದೇಹಕ್ಕೆ ತಾಗುವ ಕಡೆ. ಆ ಎತ್ತರದ ಬಟನ್ನು ಇದ್ದದ್ದೂ ಆ ಕಡೆಯೇ. ಹೊಟ್ಟೆಯ ಮಡಿಕೆಯಲ್ಲಿ ಕಡಲೆಕಾಳಿನಷ್ಟು ದುಂಡಗೆ, ಕೆಂಪಗೆ ಒಂದು ಗುರುತು ಬಿದ್ದಿತ್ತು. ಕೂತಾಗಲೆಲ್ಲ ಹೊಟ್ಟೆ ಬಟನ್ನು ಒತ್ತಿತ್ತು.

"ಮೂವತ್ತು ದಿನವೂ ಒತ್ತಿರಬೇಕು," ಎಂದ ಮೇಸ್ತ್ರಿ. "ಅದು ಇಳಿದಾಗಲೆಲ್ಲ ನಾನು ಏಟು ಕೊಟ್ಟು ಏರಿಸ್ತಾ ಬಂದೆ. ಮೂವತ್ತು ದಿನ ನಾನೇ ಅದಕ್ಕೆ ಪರೀಕ್ಷೆ ಬರೆದುಕೊಟ್ಟೆ."

"ನಿಮಗೆ ಹೊಟ್ಟೆ ಇದೆ ಮಾವ. ನನಗೆ ಇಲ್ವಲ್ಲ, ಏನೂ ಆಗದೇ ಇರಬಹುದು," ಎಂದಳು ಸೊಸೆ. ಅವಳಿಗೂ ಆ ಹಳೆಯ ರಿವಾಲ್ವರ್ ಸಾಕಾಗಿತ್ತು.

ಮೇಸ್ತ್ರಿ ಪಿಸ್ತೂಲು ಖಾಲಿ ಮಾಡಿ, ಮದ್ದಿಲ್ಲದ ಹುಸಿ ಗುಂಡು ತುಂಬಿ, ಚೀಲದ ಸಮೇತ ಅವಳಿಗೆ ಸೊಂಟಕ್ಕೆ ಕಟ್ಟಿಕೊಳ್ಳಲು ಕೊಟ್ಟ. ಹೆಂಗಸರ ಸೊಂಟ ಕೆಳಗೆ ಅಗಲ, ಮೇಲೆ ಸಪೂರ. ಚೀಲದ ಬುಡ ಹೊರಕ್ಕೆ ಸರಿದು ಪಿಸ್ತೂಲಿನ ಹಿಡಿ ಪಕ್ಕೆಲುಬಿಗೆ ಒರಗಿತು. ಅವಳು ಕಾರಿನಲ್ಲಿ ಕೂತು ಒಂದು ಬನ್ನು ತಿಂದು ಮುಗಿಸಿ ಇಳಿದಳು. ಮೇಸ್ತ್ರಿ ನೋಡಿದ. ಡಬ್ಬಿ ಇಳಿದಿತ್ತು.

"ನಿನಗೆ ಎಂಟು ಗಂಟೆಯೂ ಬೇಡಮ್ಮ," ಎಂದ. "ಒಂದು ಬನ್ನು ಸಾಕು."

"ಹಾಗಾದ್ರೆ ಹಳೇದೇ ವಾಸಿ ಅಂತೀರಾ?"

"ಹಳೇದು ಎಷ್ಟು ವಾಸಿ ಅಂತ ನನಗೆ ಗೊತ್ತು. ತಗಡು ಇಟ್ಟವನು ನಾನು."

ಸಾಹೇಬರು ಡೈರಿಯ ಮೂವತ್ತೊಂದನೆಯ ಪುಟವನ್ನು ಎರಡು ಸಲ ಓದಿದರು. ಏಜೆಂಟನನ್ನೂ ಕರೆಸಿದ್ದರು. ಅವನು ಅವರ ಕೋಣೆಯ ತಗ್ಗಿನ ಸೋಫಾದಲ್ಲಿ ಅರ್ಧ ಮುಳುಗಿ, ಏನೂ ಆಗಿಲ್ಲವೆಂಬಂತೆ ನಗುತ್ತ ಕೂತಿದ್ದ. ಸಾಹೇಬರು ತೆಳ್ಳಗಿನವರು. ದಿನಾ ಬೆಳಗ್ಗೆ ಎರಡು ಗಂಟೆ ಓಡುತ್ತಿದ್ದರು. ಸೊಂಟವೆಂಬುದು ಅವರಿಗೆ ಬೆಲ್ಟು ನಿಲ್ಲಲಿ ಎಂದು ಇದ್ದ ಜಾಗ.

"ಮೂವತ್ತು ದಿನ ಸರಿ ಇದ್ದದ್ದು ಮೂವತ್ತೊಂದನೇ ದಿನ ಹೇಗ್ರೀ ಕೆಡುತ್ತೆ?"

"ಮೂವತ್ತು ದಿನ ನಾನೇ ಸರಿ ಮಾಡ್ತಿದ್ದೆ ಸರ್. ಗೊತ್ತಿಲ್ಲದೆ."

"ಇದನ್ನ ಓದಿ ನಿನ್ನೆ ನಾನೂ ಇಡೀ ದಿನ ಹಾಕ್ಕೊಂಡಿದ್ದೆ. ಒಂದು ಸಲವೂ ಮುಟ್ಟಲಿಲ್ಲ. ಸಂಜೆ ನೋಡಿದೆ, ಎಲ್ಲಿತ್ತೋ ಅಲ್ಲೇ ಇದೆ."

ಮೇಸ್ತ್ರಿ ಸಾಹೇಬರ ಬೆಲ್ಟಿನ ಕಡೆ ನೋಡಿದ. "ಸರ್, ತಮ್ಮದು ಇಲಾಖೆಯ ಸೊಂಟ ಅಲ್ಲ."

"ಅಂದ್ರೆ?"

"ಪದಕದವನದ್ದೂ ಅಲ್ಲ ಸರ್. ನೀವಿಬ್ಬರೂ ಬಿಟ್ಟು ಮಿಕ್ಕವರದ್ದು."

ಏಜೆಂಟ್ ಮಧ್ಯೆ ಬಾಯಿ ಹಾಕಿದ. "ಸಾರ್, ತಪ್ಪು ತಿಳೀಬೇಡಿ. ಮೇಸ್ತ್ರಿಗಳು ದೊಡ್ಡವರು. ಆದ್ರೆ ಇದು ಪಿಸ್ತೂಲಿನ ದೋಷ ಅಲ್ಲ, ಬಳಸೋರ ಅಭ್ಯಾಸ. ಮೇಸ್ತ್ರಿಗಳ ಹಾಗೆ ಆಗಾಗ ತೆಗೆದು ನೋಡ್ತಿದ್ರೆ ಮುಗೀತು. ಮೂವತ್ತು ದಿನದ ಡೈರಿಯೇ ಸಾಕ್ಷಿ." ಅವನು ದನಿ ಇಳಿಸಿದ. "ಮೇಸ್ತ್ರಿಗಳ ಸೊಸೆ ಗಸ್ತಿನಲ್ಲಿದ್ದಾರೆ ಅಂತ ಕೇಳಿದೆ. ಮನೆ ಮಕ್ಕಳು ಅಂದ್ಮೇಲೆ ಯಾರಿಗಾದ್ರೂ ಸ್ವಲ್ಪ ಭಯ ಜಾಸ್ತಿ. ಸಹಜ."

ಸಾಹೇಬರು ಡೈರಿ ಮುಚ್ಚಿದರು. "ಹೌದೇನ್ರೀ? ಸೊಸೆಗೋಸ್ಕರ ಹೇಳ್ತಿದೀರಾ?"

ಇಲ್ಲ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು, ಮೇಸ್ತ್ರಿಯ ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ಡೈರಿಯಲ್ಲಿ ಬರೆಯದ ಸುಳ್ಳನ್ನು ಬಾಯಲ್ಲಿ ಹೇಳಲು ಅವನಿಗೆ ಅಭ್ಯಾಸವಿರಲಿಲ್ಲ.

"ಹೌದು ಸರ್," ಎಂದ. "ಅವಳಿಗೋಸ್ಕರಾನೇ. ಮಿಕ್ಕ ಮೂವತ್ತೊಂಬತ್ತು ಜನರ ಮಾವಂದಿರು ಇಲ್ಲಿ ಕೆಲಸ ಮಾಡ್ತಿಲ್ಲ. ಅವರ ಪರವಾಗಿಯೂ ನಾನೇ ಹೇಳಬೇಕು."

ಸಾಹೇಬರು ಪೆನ್ಸಿಲಿನಿಂದ ಮೇಜು ತಟ್ಟುತ್ತಿದ್ದರು. ಅವರಿಗೆ ಹೊಸ ಪಿಸ್ತೂಲು ಬೇಕಿತ್ತು. ಮೇಲಿನವರಿಗೆ ಈ ತಿಂಗಳೇ ಪಾಸು ಮಾಡಿ ಕಳಿಸುವೆನೆಂದು ಹೇಳಿಯೂ ಆಗಿತ್ತು. ಮೇಸ್ತ್ರಿ ಅವರ ಮುಖ ನೋಡಲಿಲ್ಲ. ಸೋಫಾದಲ್ಲಿದ್ದ ಏಜೆಂಟನ ಹೊಟ್ಟೆಯನ್ನು ನೋಡುತ್ತಿದ್ದ. ಬಹಳ ಹೊತ್ತಿನಿಂದ ಅದನ್ನೇ ನೋಡುತ್ತಿದ್ದ.

"ಸರ್, ಒಂದು ಅರಿಕೆ. ಏಜೆಂಟರು ಒಮ್ಮೆ ಹಾಕ್ಕೊಂಡು ಕೂರಲಿ. ಹುಸಿ ಗುಂಡು ತುಂಬಿ ಕೊಡ್ತೀನಿ. ತಮ್ಮ ಕಾಫಿ ಮುಗಿಯೋವರೆಗೆ ಅಷ್ಟೇ."

"ನಾನ್ಯಾಕೆ ಅಣ್ಣಾ? ನಾನು ಪೊಲೀಸ್ ಅಲ್ಲ," ಎಂದ ಏಜೆಂಟ್.

"ಹಾಗಾದ್ರೆ ಅಭ್ಯಾಸ ಕೆಟ್ಟಿರಲ್ಲ."

ಸಾಹೇಬರು ತಲೆ ಆಡಿಸಿದರು. ಮಾರುವವನು ತನ್ನ ಸರಕನ್ನು ತಾನೇ ತೊಡಲು ಒಲ್ಲೆ ಎನ್ನುವ ಹಾಗಿಲ್ಲ. ಬಟ್ಟೆ ಅಂಗಡಿಯವನೂ ಹಾಗೆ ಹೇಳುವುದಿಲ್ಲ. ಏಜೆಂಟ್ ಎದ್ದುನಿಂತ. ಮೇಸ್ತ್ರಿ ಚೀಲವನ್ನು ಅವನ ಬೆಲ್ಟಿಗೆ ಸಿಕ್ಕಿಸಿ, ಪಿಸ್ತೂಲನ್ನು ಸಾಹೇಬರ ಕಣ್ಣೆದುರೇ ಪರಿಶೀಲಿಸಿ, ಹುಸಿ ಗುಂಡಿನ ಡಬ್ಬಿ ಹಾಕಿ ಏಟು ಕೊಟ್ಟ. ಟಕ್ ಎಂದಿತು. ಚೀಲಕ್ಕೆ ಸೇರಿಸಿದ. ಏಜೆಂಟ್ ಮತ್ತೆ ಸೋಫಾದಲ್ಲಿ ಮುಳುಗಿದ.

ಕಾಫಿ ಬಂತು, ಬಿಸ್ಕತ್ತು ಬಂತು. ಸಾಹೇಬರು ಬೆಳಗಿನ ಓಟದ ಲಾಭಗಳನ್ನು ಹೇಳಿದರು. ಏಜೆಂಟ್ ನಾಳೆಯಿಂದಲೇ ಶುರುಮಾಡುವುದಾಗಿ ಮಾತು ಕೊಟ್ಟು ಇನ್ನೊಂದು ಬಿಸ್ಕತ್ತು ತೆಗೆದುಕೊಂಡ. ಮೂರು ಸಲ ಮುಂದೆ ಬಗ್ಗಿ ಲೋಟ ತೆಗೆದ, ಮೂರು ಸಲ ಹಿಂದಕ್ಕೆ ಒರಗಿದ. ಮೇಸ್ತ್ರಿ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ.

ಕಾಫಿ ಮುಗಿಯಿತು. ಏಜೆಂಟ್ ಎದ್ದು ಪಿಸ್ತೂಲಿಗೆ ಕೈ ಹಾಕಿದ.

"ಮುಟ್ಟಬೇಡಿ. ಸಾಹೇಬರೇ ತೆಗೀಲಿ," ಎಂದ ಮೇಸ್ತ್ರಿ.

ಸಾಹೇಬರು ಬಂದು ಪಿಸ್ತೂಲು ಎಳೆದು, ಮೂತಿಯನ್ನು ಖಾಲಿ ಗೋಡೆಯ ಕಡೆಗೆ ತಿರುಗಿಸಿ ಹಿಡಿದರು. ನೋಡಲು ಏನೂ ವ್ಯತ್ಯಾಸ ಕಾಣಲಿಲ್ಲ. ಏಜೆಂಟನ ಮುಖದಲ್ಲಿ ನಗು ವಾಪಸ್ ಬರುವುದರಲ್ಲಿತ್ತು. ಸಾಹೇಬರು ಹೆಬ್ಬೆರಳಿಂದ ಡಬ್ಬಿಯ ಬುಡ ಒತ್ತಿದರು.

ಟಕ್ ಎಂದಿತು.

ಸರಿಯಾಗಿ ಕೂತಿದ್ದ ಡಬ್ಬಿ ಮತ್ತೆ ಸದ್ದು ಮಾಡುವುದಿಲ್ಲ. ಅದು ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು.

"ಇವತ್ತು ತಿಂಡಿ ಸ್ವಲ್ಪ ಜಾಸ್ತಿಯಾಗಿತ್ತು ಸಾರ್," ಎಂದ ಏಜೆಂಟ್.

"ನಮ್ಮವರೂ ತಿಂಡಿ ತಿಂತಾರೆ," ಎಂದರು ಸಾಹೇಬರು. ಅವರು ಹೋಗಿ ಕುರ್ಚಿಯಲ್ಲಿ ಕೂತು ಡೈರಿಯನ್ನು ಮತ್ತೆ ತೆರೆದರು. ಮೂವತ್ತೊಂದನೆಯ ಪುಟದ ಕೆಳಗೆ, "ಈ ಬಟನ್ನಿನೊಂದಿಗೆ ಸೇವೆಗೆ ಯೋಗ್ಯವಲ್ಲ" ಎಂದು ಕೆಂಪು ಪೆನ್ಸಿಲಿನಲ್ಲೇ ಬರೆದು ಸಹಿ ಹಾಕಿದರು. "ಬಟನ್ ಬದಲಾಯಿಸೋಕೆ ಆಗುತ್ತಾ?"

"ಹಿಡಿಗೆ ಮಟ್ಟಸವಾದ್ದು ಇದೆ ಸಾರ್, ಮೊದಲಿಂದಲೂ ಇದೆ. ಎತ್ತರದ್ದು ನೋಡಿದ ತಕ್ಷಣ ಇಷ್ಟ ಆಗುತ್ತೆ ಅಂತ ಅದನ್ನೇ ತಂದಿದ್ದೆ." ಇದನ್ನು ಹೇಳುವಾಗ ಏಜೆಂಟನ ದನಿಯಲ್ಲಿ ಮೊದಲ ಬಾರಿಗೆ ಮಾರಾಟವಿರಲಿಲ್ಲ. "ಆರು ವಾರ ಬೇಕು."

ಮೇಸ್ತ್ರಿ ಆರು ವಾರವನ್ನು ನಿದ್ದೆಯಿಲ್ಲದೆ ಕಳೆದ ಎಂದರೆ ಸುಳ್ಳಾಗುತ್ತದೆ. ಅವನಿಗೆ ಒಳ್ಳೆಯ ನಿದ್ದೆ. ಆದರೆ ಮೊದಲ ವಾರದಲ್ಲೇ ಸೊಸೆಯ ರಿವಾಲ್ವರನ್ನು ಪೂರ್ತಿ ಬಿಚ್ಚಿ, ತಗಡು ತೆಗೆದು, ಹಿತ್ತಾಳೆಯಲ್ಲಿ ಹೊಸ ತುಂಡೊಂದನ್ನು ಅರದಿಂದ ಉಜ್ಜಿ ಮಾಡಿ ಕೂರಿಸಿದ. ಆಮೇಲೆ ಮಿಕ್ಕ ಮೂವತ್ತೊಂಬತ್ತಕ್ಕೂ ಮಾಡಿದ. ಏಜೆಂಟನ ಮಾತು ನೆನಪಿದ್ದುದರಿಂದ, ಅವಳದ್ದನ್ನು ಮೊದಲು ಮಾಡಿದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಮಟ್ಟಸ ಬಟನ್ನಿನ ನಾಲ್ಕು ಪಿಸ್ತೂಲುಗಳು ಬಂದವು. ಈ ಸಲ ಪರೀಕ್ಷೆ ಗಸ್ತಿನವರ ಸೊಂಟದಲ್ಲೇ. ಸೊಸೆಯ ಹೆಸರು ಬಿಡಿ ಎಂದು ಮೇಸ್ತ್ರಿ ಸಾಹೇಬರನ್ನು ಕೇಳಿಕೊಂಡ. ಸಾಹೇಬರು ಅವಳ ಹೆಸರನ್ನೇ ಮೊದಲು ಬರೆದರು. "ಬನ್ನು ತಿಂದು ಕಂಡುಹಿಡಿದವಳು ಅವಳು," ಎಂದರು. ಬೆಳಗ್ಗೆ ಪಿಸ್ತೂಲು ಕೊಡುವಾಗ ಮೇಸ್ತ್ರಿ ಡಬ್ಬಿಯ ಬುಡಕ್ಕೂ ಹಿಡಿಗೂ ಸೇರಿಸಿ ತೆಳ್ಳನೆಯ ಕಾಗದದ ಪಟ್ಟಿ ಅಂಟಿಸುತ್ತಿದ್ದ. ಡಬ್ಬಿ ಕೂದಲೆಳೆಯಷ್ಟು ಇಳಿದರೂ ಕಾಗದ ಹರಿಯಬೇಕು. ಸಂಜೆ ಅವರು ಕೌಂಟರಿಗೆ ಬಂದರೆ, ಮುಟ್ಟದೆ, ಕನ್ನಡಕ ಹಾಕಿಕೊಂಡು ಕಾಗದ ನೋಡುತ್ತಿದ್ದ. ಮೂವತ್ತು ದಿನ, ನಾಲ್ಕು ಸೊಂಟ, ನೂರ ಇಪ್ಪತ್ತು ಕಾಗದ. ಎರಡು ಹರಿದಿದ್ದವು. ಒಂದು ಬೆವರಿಗೆ ನೆನೆದು, ಇನ್ನೊಂದನ್ನು ಒಬ್ಬ ಕಾನ್‌ಸ್ಟೇಬಲ್ ಬೇಜಾರಿಗೆ ಕೆರೆದು ಹರಿದಿದ್ದ. ಎರಡನ್ನೂ ಮೇಸ್ತ್ರಿ ಹಾಗೆಯೇ ಬರೆದ. ಕೊನೆಯ ಪುಟಕ್ಕೆ ಸಹಿ ಹಾಕಿದ. ಸಹಿ ಹಾಕಿದ ಮೇಲೆ ಊಟದ ಹೊತ್ತಿನವರೆಗೂ ಒಬ್ಬನೇ ಕೂತಿದ್ದ.

ನಲವತ್ತು ಪಿಸ್ತೂಲುಗಳನ್ನು ಹಂಚುವ ದಿನ ಕೌಂಟರಿನ ಮುಂದೆ ಸಾಲು ನಿಂತಿತು. ಐದನೆಯವಳಾಗಿ ಸೊಸೆ ಬಂದಳು. ಹಳೆಯ ರಿವಾಲ್ವರನ್ನು ಕಂಬಿಯೊಳಗೆ ಸರಿಸಿದಳು.

"ನಂಬರು?" ಎಂದ ಮೇಸ್ತ್ರಿ.

"ಮಾವ, ನಿಮಗೆ ಗೊತ್ತಲ್ಲ."

"ಕೌಂಟರಲ್ಲಿ ಮಾವ ಇಲ್ಲ. ನಂಬರು ಹೇಳಿ."

ಅವಳು ನಂಬರು ಹೇಳಿದಳು. ಅವನು ಬರೆದುಕೊಂಡು, ಹೊಸ ಪಿಸ್ತೂಲನ್ನು ಪರಿಶೀಲಿಸಿ ಕೊಟ್ಟ. ಅವಳು ಅದನ್ನು ತೆಗೆದುಕೊಂಡು, ಅವನ ಕಣ್ಣೆದುರೇ ತಾನೂ ಡಬ್ಬಿ ತೆಗೆದು, ಇಣುಕಿ, ವಾಪಸ್ ಹಾಕಿ, ಬುಡಕ್ಕೆ ಏಟು ಕೊಟ್ಟು ಚೀಲಕ್ಕೆ ಸೇರಿಸಿದಳು. ಸಹಿ ಹಾಕಿದಳು. ಹೊರಗೆ ಅವಳ ಗಾಡಿ ಎಂಜಿನ್ ಶುರುಮಾಡಿಕೊಂಡು ಕಾಯುತ್ತಿತ್ತು.

ಅವಳ ಹಿಂದೆ ನಿಂತಿದ್ದವನು ದಪ್ಪ ಹೊಟ್ಟೆಯ ಹೆಡ್ ಕಾನ್‌ಸ್ಟೇಬಲ್. ಕಂಬಿಗೆ ಮುಖ ತಂದು ಮೆಲ್ಲಗೆ ಕೇಳಿದ, "ಮೇಸ್ತ್ರಿ, ಇದು ನನ್ನ ಹೊಟ್ಟೆಗೆ ಸರಿಹೋಗುತ್ತಾ?"

ಮೇಸ್ತ್ರಿ ಹೊಟ್ಟೆಯನ್ನು ನೋಡಿದ, ಪುಸ್ತಕವನ್ನು ಅವನ ಕಡೆಗೆ ತಿರುಗಿಸಿದ.

"ನಿಮ್ಮ ಹೊಟ್ಟೆಗೆ ಅಂತಲೇ ಮಾಡಿಸಿದ್ದು. ಇಲ್ಲಿ ಸಹಿ."